ಕಂಪನಿಯವರು ವಿಷಾದಪಟ್ಟ ಬಗೆ

ನನಗೆ ಎಪ್ಪತ್ತೆಂಟು ವರ್ಷ. ಇಷ್ಟು ವರ್ಷದಲ್ಲಿ ನನ್ನ ಮೇಲೆ ಬಂದ ದೂರುಗಳನ್ನು ಒಂದರ ಮೇಲೊಂದು ಪೇರಿಸಿದರೆ ಸೂರು ಮುಟ್ಟಿ ಇನ್ನೂ ಒಂದಷ್ಟು ಹೊರಗೆ ಉಳಿಯುತ್ತವೆ. ಬಾಯಿ ಜಾಸ್ತಿ, ಮೂಗು ಉದ್ದ, ಒಂದಿದ್ದದ್ದನ್ನು ಹತ್ತು ಮಾಡಿ ಹೇಳುತ್ತಾಳೆ. ಎಲ್ಲವೂ ನಿಜ. ಆದರೆ ನೀರಿನ ಫಿಲ್ಟರಿನ ನಟ್ಟನ್ನು ನಾನು ಸ್ಪ್ಯಾನರ್ ಹಾಕಿ ಒಡೆದೆ ಎಂದು ಆ ಫಿಲ್ಟರ್ ಕಂಪನಿ ಲೋಕವೆಲ್ಲ ಓದುವ ಹಾಗೆ ಬರೆದು ಹಾಕಿತಲ್ಲ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. ಸತ್ತ ಮೇಲೆ ಯಾರಾದರೂ ನನ್ನ ಪರವಾಗಿ ಒಪ್ಪಿಕೊಂಡರೆ ಎದ್ದು ಬಂದು ಬೈಯುತ್ತೇನೆ.

ನಾನಿರುವುದು ಮೇಲಿನ ಮಹಡಿಯಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ. ಕೆಳಗೆ ಮಗ ಮತ್ತು ಸೊಸೆ. ನಡುವೆ ಹದಿನೇಳು ಮೆಟ್ಟಿಲು. ನಮ್ಮ ಯಜಮಾನರು ನಲವತ್ತು ವರ್ಷ ನಲ್ಲಿ, ಪೈಪಿನ ಕೆಲಸ ಮಾಡಿದವರು. ಅವರು ಸಿಂಕಿನ ಕೆಳಗೆ ತಲೆ ತೂರಿಸಿದಾಗಲೆಲ್ಲ ಟಾರ್ಚ್ ಹಿಡಿದು ನಿಂತವಳು ನಾನು. ಶಾಲೆಯಲ್ಲಿ ಮೂರನೇ ತರಗತಿ ದಾಟದವಳು ಪೈಪಿನ ವಿಷಯದಲ್ಲಿ ದೊಡ್ಡ ಡಿಗ್ರಿ ಮಾಡಿದ್ದೇನೆ ಎಂದುಕೊಳ್ಳಿ. ಅವರು ಹೋಗಿ ಒಂಬತ್ತು ವರ್ಷವಾಯಿತು. ಅವರ ಹತಾರಗಳ ಪೆಟ್ಟಿಗೆ ನನ್ನ ಮಂಚದ ಕೆಳಗಿದೆ.

ಇಂಥವರಿಗೆ ಹುಟ್ಟಿದ ಮಗ ಜಾಗ ಅಳೆಯುವ ಕೆಲಸಕ್ಕೆ ಸೇರಿದ. ಅಳತೆ ಅವನ ಉಸಿರು. ನಾನು "ಈಗ ಬಂದೆ" ಎಂದರೆ "ಎಷ್ಟು ನಿಮಿಷ" ಎಂದು ಕೇಳುತ್ತಾನೆ. ಹೋದ ವರ್ಷ ಒಂದು ದಿನ ಹಾಲು ಉಕ್ಕಿ ಒಲೆ ಆರಿ, ಗ್ಯಾಸಿನ ವಾಸನೆ ಮೆಟ್ಟಿಲಿಳಿದು ಹೋಯಿತು. ಅಂದಿನಿಂದ ಅವನು ನನ್ನ ಅಡುಗೆಮನೆಯ ಮೇಲೆ ಕಣ್ಣಿಟ್ಟಿದ್ದ.

"ಇನ್ನೊಂದು ಸಲ ಏನಾದ್ರೂ ಆದ್ರೆ ಸಿಲಿಂಡರ್ ಕೆಳಗೆ ಒಯ್ತೀನಿ ಅಮ್ಮ. ಆಮೇಲೆ ಊಟ, ತಿಂಡಿ, ಕಾಫಿ ಎಲ್ಲ ನಮ್ಮ ಜೊತೇಲೇ."

"ನಿನ್ನ ಹೆಂಡತಿ ಔಷಧಿ ಅಂಗಡಿಯವನ ಹಾಗೆ ಉಪ್ಪು ಹಾಕ್ತಾಳೆ ಕಣೋ," ಎಂದು ನಕ್ಕೆ. ಅದು ನಗುವ ಮಾತಾಗಿರಲಿಲ್ಲ. ಮಧ್ಯಾಹ್ನ ನಾಲ್ಕಕ್ಕೆ ಒಂದು ಲೋಟ ಕಾಫಿ ಕುಡಿಯಬೇಕೆಂದರೆ ನಾನು ಯಾರನ್ನೂ ಕೇಳಬೇಕಾಗಿಲ್ಲ. ಈ ಮನೆಯಲ್ಲಿ ನನಗೆ ಉಳಿದಿರುವ ದೊಡ್ಡಸ್ತಿಕೆ ಅಷ್ಟೇ, ಅದೂ ಆ ಒಲೆಯ ಮುಂದೆಯೇ ಇರುವುದು. ಒಲೆ ಕೆಳಗೆ ಹೋದರೆ ನಾನು ಮೇಲಿನ ಮಹಡಿಯಲ್ಲಿ ಇಟ್ಟ ಒಂದು ಹಳೆಯ ಕುರ್ಚಿ.

ನಾನು ಕುಡಿಯುವ ನೀರು ಕಾಯಿಸುತ್ತಾ ಒಲೆ ಮರೆಯುತ್ತೇನೆಂದು ಮಗ ಫಿಲ್ಟರ್ ತರಿಸಿದ. ಅಲ್ಲಿಂದ ಶುರುವಾಯಿತು.

ಫಿಟ್ಟರ್ ಬೆಳಿಗ್ಗೆ ಹತ್ತಕ್ಕೆ ಬಂದ. ಐವತ್ತು ದಾಟಿದ ಮನುಷ್ಯ, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿದ್ದ. ಫೋನನ್ನು ಸಿಂಕಿನ ಪಕ್ಕ ನಿಲ್ಲಿಸಿದ. ಅದರಲ್ಲಿ ಅಂಕಿಗಳು ಹಿಂದಕ್ಕೆ ಓಡುತ್ತಿದ್ದವು.

"ಇವತ್ತು ಎಷ್ಟು ಮನೆಯಪ್ಪಾ?"

"ಹನ್ನೊಂದು ತಾಯಿ. ನಿಮ್ದು ಎರಡನೇದು. ಒಂದು ಮನೆಗೆ ನಲವತ್ತು ನಿಮಿಷ. ಮೀರಿದ್ರೆ ಫೋನು ಕೆಂಪಗಾಗುತ್ತೆ."

"ನಮ್ಮ ಯಜಮಾನ್ರು ಒಂದು ನಲ್ಲಿಗೆ ಅರ್ಧ ದಿನ ತಗೋತಿದ್ರು. ಅದರಲ್ಲಿ ಮೂರು ಗಂಟೆ ಹರಟೆ."

"ಪುಣ್ಯವಂತರು," ಎಂದು ಗೋಡೆಗೆ ತೂತು ಕೊರೆಯತೊಡಗಿದ.

ಕೆಲಸ ಗೊತ್ತಿದ್ದವನು, ಅದನ್ನು ಹೇಳಲೇಬೇಕು. ಪೈಪು ನೇರ ಕತ್ತರಿಸಿದ, ವಾಷರ್ ಒರೆಸಿ ಕೂರಿಸಿದ, ಪ್ಲಾಸ್ಟಿಕ್ ನಟ್ಟನ್ನು ಕೈಯಿಂದ ತಿರುಗಿಸಿ ಬಿಗಿ ಮಾಡಿದ. ಭೇಷ್ ಅಂದುಕೊಳ್ಳುವಷ್ಟರಲ್ಲಿ ಚೀಲದಿಂದ ಸ್ಪ್ಯಾನರ್ ಹೊರಬಂತು.

"ಬೇಡಪ್ಪ ಬೇಡ. ಅದು ಪ್ಲಾಸ್ಟಿಕ್ಕು. ಕೈಗೆ ಎಷ್ಟು ಬಿಗಿಯೋ ಅಷ್ಟೇ ಸಾಕು ಅದಕ್ಕೆ. ಕಬ್ಬಿಣ ಹಾಕಿ ಎಳೆದ್ರೆ ಒಳಗೇ ಸೀಳು ಬಿಡುತ್ತೆ."

"ಗೊತ್ತು ತಾಯಿ. ಕೈಯಲ್ಲಿ ತಿರುಗಿಸಿದ ಮೇಲೆ ಸ್ಪ್ಯಾನರಲ್ಲಿ ಎರಡು ಎಳೆತ ಕೊಡಲೇಬೇಕು ಅಂತ ಆರ್ಡರ್ ಇದೆ. ಇಲ್ದಿದ್ರೆ ಎಲ್ಲೋ ಒಂದು ಹನಿ ಸೋರುತ್ತೆ, ಜನ ಫೋನ್ ಮಾಡ್ತಾರೆ, ಇನ್ನೊಂದು ಸಲ ಮನುಷ್ಯನ್ನ ಕಳಿಸ್ಬೇಕಾಗುತ್ತೆ."

"ಇವತ್ತು ಹನಿ ಸೋರಲ್ಲ. ನಾಳೆ ಪೂರ್ತಿ ಸೀಳುತ್ತೆ."

"ಅದು ಬೇರೆ ಇಲಾಖೆ ತಾಯಿ."

ಎರಡು ಎಳೆತ ಎಳೆದ. ನಟ್ಟು ಕಿರುಗುಟ್ಟಿತು. ನನ್ನ ಹಲ್ಲೂ ಕಿರುಗುಟ್ಟಿತು, ಬಾಯಲ್ಲಿ ಇನ್ನೂ ನಾಲ್ಕು ಉಳಿದಿವೆ.

"ನಿಮ್ಮ ಫೋನಿಗೆ ನಾಲ್ಕು ಅಂಕಿ ಬಂದಿರುತ್ತೆ ತಾಯಿ, ಹೇಳ್ಬಿಡಿ. ನಿಮಿಷ ಮುಗೀತಾ ಬಂತು. ನೀರು ಬಿಟ್ಟು ಆಮೇಲೆ ನೋಡೋಣ."

ಹೇಳಿಬಿಟ್ಟೆ. ಕೆಲಸ ನೋಡುವ ಮೊದಲೇ ಹೇಳಿಬಿಟ್ಟೆ. ಆ ನಾಲ್ಕು ಅಂಕಿಯ ಅರ್ಥ "ಕೆಲಸ ತೃಪ್ತಿಕರವಾಗಿದೆ" ಎಂದು ಆಮೇಲೆ ತಿಳಿಯಿತು. ನಾನು ಮಾಡಿದ ತಪ್ಪು ಅದೊಂದು, ಮತ್ತೆ ಇನ್ನೊಂದಿದೆ, ಬರುತ್ತದೆ. ಅವನು ನೀರು ಬಿಟ್ಟ, ಒಂದು ಹನಿಯೂ ಸೋರಲಿಲ್ಲ. ಇಬ್ಬರೂ ಒಂದೊಂದು ಲೋಟ ಕುಡಿದೆವು. ಚೀಲ ಹೆಗಲಿಗೇರಿಸಿ ಮೂರನೇ ಮನೆಗೆ ಓಡಿದ.

ಮಧ್ಯಾಹ್ನ ಮೂರರ ಹೊತ್ತಿಗೆ ಮಲಗಿದ್ದವಳಿಗೆ ಯಾರೋ ಬಟ್ಟೆ ಒಗೆಯುತ್ತಿರುವ ಸದ್ದು ಕೇಳಿತು. ಕಾಲು ಕೆಳಗಿಟ್ಟರೆ ತಣ್ಣಗೆ ನೀರು. ನಟ್ಟು ಎರಡು ಹೋಳಾಗಿ ನೆಲದಲ್ಲಿ ತೇಲಾಡುತ್ತಿತ್ತು, ಪೈಪು ಹಾವಿನ ಹಾಗೆ ತಲೆ ಎತ್ತಿ ಗೋಡೆಗೆ ಉಗುಳುತ್ತಿತ್ತು. ಸಾವಿರ ಲೀಟರಿನ ಟ್ಯಾಂಕು ಹೆಚ್ಚುಕಡಿಮೆ ಖಾಲಿ. ವಾಲ್ವ್ ಎಲ್ಲಿದೆಯೆಂದು ಗೊತ್ತಿದ್ದರಿಂದ ಹೋಗಿ ತಿರುಗಿಸಿದೆ. ಆದರೆ ನೀರು ಅಷ್ಟು ಹೊತ್ತಿಗೆ ಪೈಪು ಇಳಿಯುವ ತೂತು ಹುಡುಕಿಕೊಂಡು ಕೆಳಗಿಳಿದಾಗಿತ್ತು.

ಮೂರು ತಿಂಗಳ ಹಿಂದಷ್ಟೇ ಮಗ ಕೆಳಗಿನ ಹಾಲಿಗೆ ಬಿಳಿ ಹಲಗೆಯ ಸೀಲಿಂಗ್ ಹಾಕಿಸಿದ್ದ. ಅದರಲ್ಲಿ ಹದಿನಾರು ಪುಟ್ಟ ದೀಪ. ಇದೇನು ಮನೆಯೋ ಆಪರೇಷನ್ ಥಿಯೇಟರೋ ಎಂದು ನಾನು ಛೇಡಿಸಿದ್ದೆ. ಅದು ಕಾಫಿಯಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಮೆತ್ತಗಾಗಿ, ಊಟದ ಮೇಜು, ಸೋಫಾ, ಟಿವಿ ಎಲ್ಲದರ ಮೇಲೆ ಒಟ್ಟಿಗೇ ಕುಸಿದಿತ್ತು. ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಕೆಳಗೆ ಯಾರೂ ಇರಲಿಲ್ಲ, ಅದೇ ಪುಣ್ಯ.

ಸಂಜೆ ಕಂಪನಿಗೆ ಫೋನ್ ಮಾಡಿದರೆ ಹಾಡು ಕೇಳಿಸಿದರು. ಮಗ ಇಪ್ಪತ್ತೆರಡು ನಿಮಿಷ ಆ ಹಾಡು ಕೇಳಿದ, ಅಳೆದು ಹೇಳಿದ್ದು ಅವನೇ. ಸೊಸೆಗೆ ರೇಗಿತು. ನನ್ನನ್ನು ನೀರಿನ ನಡುವೆ ನಿಲ್ಲಿಸಿ ಫೋನ್ ಹಿಡಿದಳು.

"ಅತ್ತೆ, ಏನಾಯ್ತು ಅಂತ ಹೇಳಿ. ಎಲ್ಲರಿಗೂ ಕಾಣೋ ಹಾಗೆ ಹಾಕ್ತೀನಿ."

ಎರಡನೆಯ ತಪ್ಪು ಇದು. ಜನ ನೋಡುತ್ತಾರೆ ಎಂದರೆ ನನ್ನ ನಾಲಿಗೆಗೆ ರೆಕ್ಕೆ ಬರುತ್ತದೆ. ನೀರು ಕುತ್ತಿಗೆಯವರೆಗೆ ಬಂತು ಎಂದೆ. ಟಿವಿ ದೋಣಿಯ ಹಾಗೆ ತೇಲಿ ಬಾಗಿಲಿಗೆ ಹೋಯಿತು ಎಂದೆ. ನಾನು ಈಜಿಕೊಂಡು ಹೋಗಿ ವಾಲ್ವ್ ಮುಚ್ಚಿದೆ ಎಂದೂ ಹೇಳಿದೆ. ನನಗೆ ಈಜು ಬಾರದು.

ಎರಡು ದಿನದಲ್ಲಿ ಹದಿನಾಲ್ಕು ಸಾವಿರ ಜನ ನೋಡಿದರು. ಬೀದಿಯಲ್ಲಿ ನಾನು ಒಂದು ಲಕ್ಷ ಎಂದೆ. ಆಗ ಕಂಪನಿಗೆ ಎಚ್ಚರವಾಯಿತು. ವಿಡಿಯೊದ ಕೆಳಗೆ ಅವರ ಉತ್ತರ ಬಂತು, ಸೊಸೆ ಓದಿದಳು: "ಪ್ರಿಯ ಸರ್, ನಿಮಗಾದ ಅನುಭವಕ್ಕಾಗಿ ವಿಷಾದಿಸುತ್ತೇವೆ. ದಯವಿಟ್ಟು ನಿಮ್ಮ ದೂರವಾಣಿ ಸಂಖ್ಯೆಯನ್ನು ಖಾಸಗಿಯಾಗಿ ಕಳುಹಿಸಿ."

"ಸರ್ ಯಾರೇ?"

"ನೀವೇ ಅತ್ತೆ. ಇದು ನಾಲ್ಕನೇ ನಂಬರಿನ ಉತ್ತರ."

ನನ್ನ ಸೊಸೆ ಕೊರಿಯರ್ ಕಂಪನಿಯೊಂದರಲ್ಲಿ ದೂರು ಬರೆದವರಿಗೆ ಉತ್ತರ ಬರೆಯುವ ಕೆಲಸ ಮಾಡುತ್ತಾಳೆ. ಪಾರ್ಸೆಲ್ ಒಡೆದರೆ ಒಂದು, ಕಳೆದರೆ ಒಂದು, ಬೈದರೆ ಒಂದು, ಹೀಗೆ ಹನ್ನೊಂದು ಉತ್ತರ ಅವರ ಹತ್ತಿರ ಮೊದಲೇ ಬರೆದಿಟ್ಟಿರುತ್ತವಂತೆ. ಇವಳು ನಂಬರು ಒತ್ತಿದರೆ ಸಾಕು. ಎಲ್ಲ ಕಂಪನಿಯಲ್ಲೂ ಹೆಚ್ಚುಕಡಿಮೆ ಅವೇ ಹನ್ನೊಂದು.

"ಅನುಭವಕ್ಕೆ ವಿಷಾದ ಅಂದ್ರೆ, ಮಾಡಿದ್ದಕ್ಕೆ ವಿಷಾದ ಅಲ್ಲ ಅತ್ತೆ. ಬಿಸಿಲು ಜಾಸ್ತಿ ಇದೆ, ಪಾಪ, ಅಂದ ಹಾಗೆ. ಬಿಸಿಲು ನಾವು ಕಳಿಸಿದ್ದಲ್ಲ ಅಂತ ಅದರ ಅರ್ಥ."

"ಖಾಸಗಿಯಾಗಿ ಯಾಕಂತೆ? ನೀರು ಖಾಸಗಿಯಾಗಿ ಬಂತಾ?"

"ನಾಲ್ಕು ಜನರ ಮುಂದಿಂದ ನಿಮ್ಮನ್ನ ಒಳಗೆ ಕರ್ಕೊಂಡು ಹೋಗೋಕೆ. ನಾನೂ ದಿನಾ ಅದೇ ಮಾಡೋದು," ಎಂದು ಅವಳು ಫೋನ್ ನೋಡುತ್ತಾ ಹೇಳಿದಳು. ಆ ಮಾತು ಹೇಳುವಾಗ ನನ್ನ ಮುಖ ನೋಡಲಿಲ್ಲ.

ಮೂರನೇ ದಿನ ಕಂಪನಿಯಿಂದ ಟೈ ಕಟ್ಟಿದ ಒಬ್ಬ ಅಧಿಕಾರಿ ಬಂದ. ಬಹಳ ನಯ. ಚಪ್ಪಲಿ ಹೊರಗೆ ಬಿಟ್ಟು, ಒದ್ದೆ ಗೋಡೆಗೆ ಬೇಸರಪಟ್ಟು, ಒಡೆದ ನಟ್ಟಿನ ಫೋಟೋ ತೆಗೆದುಕೊಂಡ. ಫಿಲ್ಟರನ್ನು ಪರೀಕ್ಷೆಗೆಂದು ಒಯ್ದ. ನಟ್ಟನ್ನು ಕೇಳಿದ, ಕೊಡಲಿಲ್ಲ. ಅದು ನನ್ನ ಕನ್ನಡಕದ ಡಬ್ಬಿಯಲ್ಲಿತ್ತು.

"ಪೈಪಿನ ವಿಷಯ ನಿಮಗೆ ಚೆನ್ನಾಗಿ ಗೊತ್ತಿರೋ ಹಾಗಿದೆ ಮೇಡಂ."

ಹೊಗಳಿದರೆ ಕರಗುವ ಜಾತಿ ನಾನು. ಪೆಟ್ಟಿಗೆ ಎಳೆದು ತೋರಿಸಿದೆ. ಈ ಬೀದಿಯಲ್ಲಿ ನಾನು ಬಿಚ್ಚದ ನಲ್ಲಿಯೇ ಇಲ್ಲ ಮರಿ, ಪಟ್ಟಣದ ನೀರೆಲ್ಲ ನನ್ನನ್ನು ಕೇಳಿಕೊಂಡೇ ಹರಿಯೋದು, ಎಂದೆ. ಅವನು ನಗುತ್ತಾ ಒಂದೊಂದೇ ಬರೆದುಕೊಂಡ. ಎಷ್ಟು ಒಳ್ಳೆಯ ಮನುಷ್ಯ ಎಂದುಕೊಂಡೆ.

ಶುಕ್ರವಾರ ಅವರ ಎರಡನೇ ಉತ್ತರ ಬಂತು. ಈ ಸಲ ಮೊದಲೇ ಬರೆದಿಟ್ಟದ್ದಲ್ಲ, ನನಗೆಂದೇ ಹೊಲಿಸಿದ ಅಂಗಿ. ಸೊಸೆ ಮೆಲ್ಲಗೆ ಓದಿದಳು:

"ನಮ್ಮ ತಾಂತ್ರಿಕ ತಂಡ ಸ್ಥಳ ಪರಿಶೀಲನೆ ನಡೆಸಿದೆ. ಅಳವಡಿಕೆ ನಿಯಮಾನುಸಾರ ಪೂರ್ಣಗೊಂಡಿದ್ದು, ಗ್ರಾಹಕರೇ ಅದನ್ನು ತೃಪ್ತಿಕರವೆಂದು ದೃಢಪಡಿಸಿದ್ದಾರೆ. ಆ ನಂತರ ಉಪಕರಣದಿಂದ ಅನಗತ್ಯ ಬಲ ಪ್ರಯೋಗಿಸಿರುವ ಗುರುತುಗಳು ನಟ್ಟಿನ ಮೇಲೆ ಕಂಡುಬಂದಿವೆ. ಹಿರಿಯ ಗ್ರಾಹಕರು ತಮ್ಮ ಹಾಗೂ ನೆರೆಹೊರೆಯ ನಲ್ಲಿಗಳನ್ನು ತಾವೇ ದುರಸ್ತಿ ಮಾಡುವುದಾಗಿ ನಮಗೆ ತಿಳಿಸಿದ್ದಾರೆ. ಅವರು ವಿಡಿಯೊದಲ್ಲಿ ಹೇಳಿರುವಂತೆ ನೀರು ಕುತ್ತಿಗೆಯವರೆಗೆ ಏರಲು ಸಾಧ್ಯವಿಲ್ಲ ಎಂಬುದನ್ನೂ ಗಮನಿಸಬಹುದು. ಅವರ ಆರೋಗ್ಯಕ್ಕೆ ನಮ್ಮ ಶುಭ ಹಾರೈಕೆಗಳು."

ಕೆಳಗೆ ಜನ ಬರೆಯತೊಡಗಿದ್ದರು. ಪಾಪ ಅಜ್ಜಿಗೆ ಅರಳುಮರಳು. ಇಂಥವರನ್ನು ಒಬ್ಬರನ್ನೇ ಬಿಡಬಾರದು. ಮನೆಯವರು ಏನು ಮಾಡುತ್ತಿದ್ದರು. ಬಿದ್ದು ಬಿದ್ದು ನಕ್ಕವರೂ ಇದ್ದರು. ಅವರ ಮೇಲೆ ನನಗೆ ಕೋಪ ಬರಲಿಲ್ಲ, ಶುಭ ಹಾರೈಸಿದವರ ಮೇಲೆ ಬಂತು.

ಮಗ ಎಲ್ಲವನ್ನೂ ಎರಡು ಸಲ ಓದಿ ಮೇಲೆ ಬಂದ.

"ಅಮ್ಮ, ನಿಜ ಹೇಳು. ಅವನು ಹೋದ್ಮೇಲೆ ನೀನು ಮುಟ್ಟಿದ್ಯಾ?"

"ಇಲ್ಲ."

"ಕೋಪ ಮಾಡ್ಕೋಬೇಡ. ನೀನು ಯಾವ ನಲ್ಲೀನೂ ಬಿಟ್ಟೋಳಲ್ಲ. ಮರೆತಿರಬಹುದು."

"ಮರೆತಿಲ್ಲ ಕಣೋ."

"ಈಜಿದ್ದೂ ಮರೆತಿಲ್ಲ ಅಲ್ವಾ?"

ನಾನು ಎದ್ದು ಸೆರಗಿನಿಂದ ಒಲೆ ಒರೆಸತೊಡಗಿದೆ.

"ನಾನು ಬೈತಿಲ್ಲ ಅಮ್ಮ. ಹೆದರಿಕೆ ನನಗೆ. ಇವತ್ತು ಸೀಲಿಂಗ್ ಬಿತ್ತು, ನಾಳೆ ಬೆಂಕಿ ಬಿದ್ರೆ? ಸೋಮವಾರ ಸಿಲಿಂಡರ್ ಕೆಳಗೆ ಒಯ್ತೀನಿ. ಅಡುಗೆಮನೆ ಬಾಗಿಲಿಗೆ ಬೀಗ ಹಾಕೋಣ."

ಅವನು ಇಳಿದು ಹೋದ ಮೇಲೆ ಮಂಚದ ಕೆಳಗಿಂದ ಪೆಟ್ಟಿಗೆ ಎಳೆದು ನೆಲದಲ್ಲಿ ಹರಡಿದೆ. ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಬಾರೇ ಇಲ್ಲಿ. ಕಣ್ಣು ಚೆನ್ನಾಗಿದೆ ನಿನಗೆ. ಇವರ ರೆಂಚುಗಳೆಲ್ಲ ಕಬ್ಬಿಣದ ಪೈಪಿಗೆ ಹಾಕೋವು. ಒಂದೊಂದಕ್ಕೂ ಹಲ್ಲಿದೆ ನೋಡು. ಮುಟ್ಟಿದ ಕಡೆ ಕಚ್ಚಿದ ಗುರುತು ಬಿಡದೆ ಇರಲ್ಲ. ಈಗ ಈ ನಟ್ಟು ನೋಡು."

ಅವಳು ನಟ್ಟಿನ ಎರಡು ಹೋಳನ್ನೂ ಕಿಟಕಿಯ ಬೆಳಕಿಗೆ ಹಿಡಿದಳು. ಹಲ್ಲಿನ ಗುರುತು ಒಂದೂ ಇರಲಿಲ್ಲ. ಆರು ಮೂಲೆಯಲ್ಲಿ ಎದುರುಬದುರಿನ ಎರಡು ಮಾತ್ರ ನುಣ್ಣಗೆ ಸವೆದಿದ್ದವು.

"ಇದು ಹಲ್ಲಿಲ್ಲದ ಸ್ಪ್ಯಾನರ್ ಕೆಲಸ. ನನ್ನ ಹತ್ರ ಹಲ್ಲಿಲ್ಲದ್ದು ಅಂದ್ರೆ ನನ್ನ ಬಾಯಿ ಒಂದೇ."

ಅವಳು ನಗಲಿಲ್ಲ. ನೆಲದಲ್ಲೇ ಕುಳಿತಳು.

"ಇದನ್ನ ಮೊದಲನೇ ದಿನ ಹೇಳಿದ್ರೆ ಸಾಕಾಗ್ತಿತ್ತು ಅತ್ತೆ. ನೀವು ಕುತ್ತಿಗೆ ಅಂದ್ರಿ. ನಿಮ್ಮ ವಿಡಿಯೊದಲ್ಲಿ ಅವರಿಗೆ ಬೇಕಾಗಿದ್ದು ಆ ಒಂದೇ ಪದ. ಈಗ ನೀವು ನಿಜ ಹೇಳಿದ್ರೂ ಜನ ಕುತ್ತಿಗೇನೇ ನೋಡ್ತಾರೆ."

ಆ ಹುಡುಗಿ ನನ್ನ ಮಗನ ಕೈ ಹಿಡಿದು ಇಪ್ಪತ್ತು ವರ್ಷವಾಯಿತು. ಅಷ್ಟು ನೆಟ್ಟಗೆ ನನಗೆ ಮಾತು ಹೇಳಿದ್ದು ಅದೇ ಮೊದಲು. ಉಪ್ಪಿನ ವಿಷಯದಲ್ಲಿ ಹೇಗಾದರೂ ಇರಲಿ, ಮಾತನ್ನು ಸರಿಯಾಗಿ ತೂಗಿ ಹಾಕುತ್ತಾಳೆ.

ಭಾನುವಾರ ಬೆಳಿಗ್ಗೆ ಟೈ ಕಟ್ಟಿದವನು ಮತ್ತೆ ಬಂದ. ಹಿಂದೆ ಅದೇ ಫಿಟ್ಟರ್, ಹೊಸ ಫಿಲ್ಟರಿನ ಡಬ್ಬ ಹೊತ್ತುಕೊಂಡು. ಡಬ್ಬ ಇಳಿಸಿ ಬಾಗಿಲ ಹೊರಗೇ ನಿಂತ. ಕಣ್ಣೆತ್ತಿ ನೋಡಲಿಲ್ಲ. ನನ್ನ ಅಡುಗೆಮನೆಯಲ್ಲಿ ಮಗ, ಸೊಸೆ, ನಾನು, ಟೈ, ಎಲ್ಲರೂ ಮೊಣಕೈಗೆ ಮೊಣಕೈ ತಾಗಿಸಿ ನಿಂತೆವು.

"ಒಳ್ಳೆ ಸುದ್ದಿ ತಂದಿದ್ದೀನಿ ಮೇಡಂ. ಇನ್ನೊಮ್ಮೆ ಪರಿಶೀಲನೆ ಮಾಡಿದ್ವಿ. ನಿಮ್ಮ ತಪ್ಪಿಲ್ಲ ಅಂತ ಸ್ಪಷ್ಟ ಆಗಿದೆ. ಅದನ್ನ ಎಲ್ಲರಿಗೂ ಕಾಣೋ ಹಾಗೆ ಪ್ರಕಟಿಸ್ತೀವಿ. ಕೆಳಗಿನ ಸೀಲಿಂಗ್ ಮೊದಲಿನ ಹಾಗೇ ಮಾಡಿಸಿ ಕೊಡ್ತೀವಿ, ಟಿವಿ, ಮೇಜು ಎಲ್ಲ. ಇಲ್ಲೊಂದು ಸಹಿ ಹಾಕಿಬಿಟ್ರೆ ಮುಗೀತು."

ಮಗನ ಮುಖ ಅರಳಿತು. ನಾನು ಕಾಗದವನ್ನು ಸೊಸೆಯ ಕೈಗೆ ಕೊಟ್ಟೆ. "ಜೋರಾಗಿ ಓದೇ. ಬಾಗಿಲ ಹೊರಗೂ ಕೇಳಿಸ್ಲಿ."

ಕಾಗದದಲ್ಲಿ ಇದ್ದದ್ದು ಇಷ್ಟು. ಫಿಟ್ಟರ್ ಕಂಪನಿಯ ನಿಯಮ ಮೀರಿ, ಸ್ವಂತ ನಿರ್ಧಾರದಿಂದ ಸ್ಪ್ಯಾನರ್ ಬಳಸಿದ್ದನ್ನು ಗ್ರಾಹಕರು ಕಣ್ಣಾರೆ ಕಂಡಿದ್ದಾರೆ. ಅವನು ಗುತ್ತಿಗೆಯವನಾದ್ದರಿಂದ ಕಂಪನಿ ಅವನನ್ನು ಕೆಲಸದಿಂದ ತೆಗೆಯುತ್ತದೆ. ಗ್ರಾಹಕರು ವಿಡಿಯೊ ಅಳಿಸುತ್ತಾರೆ, ಈ ವಿಷಯವನ್ನು ಮುಂದೆ ಎಲ್ಲಿಯೂ ಮಾತನಾಡುವುದಿಲ್ಲ.

"ಹತ್ತನೇ ನಂಬರು," ಎಂದಳು ಸೊಸೆ ಮೆಲ್ಲಗೆ.

"ಅಮ್ಮ, ಹಾಕಿಬಿಡು," ಎಂದ ಮಗ. "ನಿನ್ನ ಮೇಲಿದ್ದ ಮಾತೂ ಹೋಗುತ್ತೆ. ಸೀಲಿಂಗೂ ಆಗುತ್ತೆ."

ಸುಳ್ಳೇಕೆ ಹೇಳಲಿ, ಕೈ ಪೆನ್ನಿನ ಕಡೆ ಹೋಯಿತು. ಆ ಸಹಿ ಹಾಕಿದರೆ ನಾನು ಮತ್ತೆ ಬುದ್ಧಿ ಸರಿಯಿರುವವಳು. ಸೋಮವಾರ ಎಂಬುದೇ ಇರುವುದಿಲ್ಲ. ನಾಲ್ಕಕ್ಕೆ ಕಾಫಿ.

"ಯಜಮಾನ್ರೇ," ಎಂದು ಹೊರಗೆ ನಿಂತವನನ್ನು ಕರೆದೆ. "ಮೊನ್ನೆ ಹನ್ನೊಂದು ಮನೆ ಅಂದ್ರಲ್ಲ. ಎಲ್ಲಾ ಮನೆಗೂ ಎರಡು ಎಳೆತ ಕೊಟ್ರಾ, ಇಲ್ಲ ನನ್ನ ಮೇಲೆ ಮಾತ್ರ ಪ್ರೀತೀನಾ?"

ಅವನು ಒಮ್ಮೆ ಟೈ ಕಡೆ ನೋಡಿದ. "ಎಲ್ಲಾ ಮನೆಗೂ ತಾಯಿ," ಎಂದ.

"ಅದು ನಮ್ಮ ಆಂತರಿಕ ವಿಚಾರ ಮೇಡಂ," ಎಂದ ಟೈ.

"ನನ್ನ ಆಂತರಿಕದಲ್ಲಿ ಸಾವಿರ ಲೀಟರ್ ನೀರು ನುಗ್ಗಿತಲ್ಲ ಮರಿ, ಅದಕ್ಕೇ ಕೇಳ್ದೆ. ಈ ಮನುಷ್ಯ ಸ್ವಂತ ನಿರ್ಧಾರ ಮಾಡೋನಾಗಿದ್ರೆ ನಟ್ಟು ಇವತ್ತೂ ಗಟ್ಟಿಯಾಗಿರ್ತಿತ್ತು. ಇವನ ಕೈಗೆ ಗೊತ್ತಿದ್ದ ಕೆಲಸಾನ ನಿಮ್ಮ ಆರ್ಡರ್ ಕೆಡಿಸ್ತು. ಮೊದಲು ನಾನು ಒಡೆದೆ ಅಂದ್ರಿ. ಅದು ನಿಲ್ಲಲಿಲ್ಲ. ಈಗ ಇವನು ಒಡೆದ ಅಂತೀರಿ. ನಾಳೆ ಇವನೂ ಸಿಗದಿದ್ರೆ ನೀರೇ ಬಂದು ಒಡೀತು ಅಂತ ಬರೀರಿ. ನೀವು ಮಾತ್ರ ಯಾವತ್ತೂ ಮನೇಲೇ ಇರಲ್ಲ."

"ಹಾಗಾದ್ರೆ ನಮ್ಮ ಈಗಿನ ಉತ್ತರವೇ ಅಲ್ಲಿ ಉಳಿಯುತ್ತೆ ಮೇಡಂ. ನೀವು ತಿರುಗಿಸಿದ್ರಿ ಅಂತ. ಸೀಲಿಂಗೂ ಆಗಲ್ಲ."

"ಅಮ್ಮ," ಎಂದ ಮಗ. ದನಿ ಗಟ್ಟಿಯಾಗಿತ್ತು. "ಅವರ ಕೆಲಸಗಾರನ ಚಿಂತೆ ನಿನಗ್ಯಾಕೆ? ನಾನು ನಿನ್ನ ಚಿಂತೆ ಮಾಡ್ತಿದ್ದೀನಿ. ಸಹಿ ಹಾಕದಿದ್ರೆ ಸೋಮವಾರದ ಮಾತು ಸೋಮವಾರಾನೇ."

"ಸೋಮವಾರ ಬರಲಿ. ನಾನೇನು ಭಾನುವಾರಾನ ಹಿಡ್ಕೊಂಡು ನೇತಾಡ್ತಿಲ್ಲ," ಎಂದೆ. ಕಾಗದವನ್ನು ನಾಲ್ಕಾಗಿ ಮಡಿಸಿ ಟೈ ಕಟ್ಟಿದವನ ಜೇಬಿಗೆ ಸಿಕ್ಕಿಸಿದೆ. ಆಮೇಲೆ ಸೊಸೆಗೆ ಹೇಳಿದೆ, "ಫೋನ್ ಹಿಡಿಯೇ."

"ವಿಡಿಯೊ ಬೇಡ ಮೇಡಂ, ಕೂತು ಮಾತಾಡೋಣ," ಎಂದ ಅವನು.

ಸೊಸೆ ಆಗಲೇ ಹಿಡಿದಾಗಿತ್ತು. ಅವಳು ನನ್ನನ್ನು ನೋಡಿದ ನೋಟದಲ್ಲಿ ಒಂದೇ ಮಾತಿತ್ತು: ಅತ್ತೆ, ದಮ್ಮಯ್ಯ, ಅಳತೆ.

ನನ್ನ ಜನ್ಮದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ. ಒಂದೊಂದು ಪದವೂ ಹಿಗ್ಗಿಕೊಂಡು ಬಾಯಿಗೆ ಬರುತ್ತಿತ್ತು, ಅದನ್ನು ಕಿವಿ ಹಿಂಡಿ ಸಣ್ಣದು ಮಾಡಿ ಹೊರಗೆ ಬಿಡಬೇಕಾಗಿತ್ತು.

"ಹೋದ ಸಲ ನೀರು ಕುತ್ತಿಗೆವರೆಗೆ ಬಂತು ಅಂದೆ. ಅದು ಸುಳ್ಳು. ಪಾದದ ಗಂಟಿನವರೆಗೆ ಬಂತು. ನಾನು ಈಜಲಿಲ್ಲ, ನಡ್ಕೊಂಡು ಹೋದೆ. ಟಿವಿ ತೇಲಲಿಲ್ಲ, ಅದರ ಮೇಲೆ ಸೀಲಿಂಗ್ ಬಿತ್ತು. ಇದು ಒಡೆದ ನಟ್ಟು. ಇದನ್ನ ನಾನು ಮುಟ್ಟಿಲ್ಲ. ನನ್ನ ಹತ್ರ ಇರೋ ರೆಂಚಿಗೆಲ್ಲ ಹಲ್ಲಿದೆ, ಇದರ ಮೇಲೆ ಹಲ್ಲಿನ ಗುರುತಿಲ್ಲ, ಹತ್ತಿರ ತೋರಿಸ್ತಾಳೆ ನೋಡಿ. ಇದು ಕೈಯಲ್ಲಿ ಮಾತ್ರ ತಿರುಗಿಸಬೇಕಾದ ನಟ್ಟು. ಕೂರಿಸೋವಾಗಲೇ ಸ್ಪ್ಯಾನರಲ್ಲಿ ಎರಡು ಎಳೆತ ಬಿದ್ದಿದೆ. ನಾಲ್ಕೂವರೆ ಗಂಟೆ ಆದ್ಮೇಲೆ ಸೀಳ್ತು. ಎಳೆದವರು ಯಾರು ಅಂತ ನಾನು ಹೇಳಲ್ಲ. ಎಳೀರಿ ಅಂತ ಹೇಳಿದವರು ಯಾರು ಅಂತ ಕಂಪನಿಯವರೇ ಹೇಳಲಿ, ಇಲ್ಲೇ, ಎಲ್ಲರ ಮುಂದೆ. ನಿಮ್ಮ ಮನೇಲಿ ಈ ಫಿಲ್ಟರ್ ಇದ್ರೆ ನಟ್ಟು ನೋಡ್ಕೊಳ್ಳಿ. ಮೂಲೆ ಸವೆದಿದ್ರೆ ಮನೆಯಿಂದ ಹೊರಗೆ ಹೋಗೋ ಮುಂಚೆ ನೀರು ಬಂದ್ ಮಾಡಿ. ಅಷ್ಟೇ."

ಟೈ ಕಟ್ಟಿದವನಿಗೆ ಅಷ್ಟರಲ್ಲಿ ಒಂದು ದಾರಿ ಹೊಳೆಯಿತು. "ಅಂದ್ರೆ ಮೇಡಂ, ನೀವು ಮೊದಲು ಹೇಳಿದ್ದು ಸುಳ್ಳು ಅಂತ ಈಗ ಒಪ್ಕೊಂಡ ಹಾಗಾಯ್ತು."

"ಒಪ್ಕೊಂಡೆ ಮರಿ. ನೋಡು, ಎಷ್ಟು ಸುಲಭ. ಏನೂ ಆಗಲ್ಲ. ನೀವೂ ಒಂದ್ಸಲ ಮಾಡಿ ನೋಡಿ."

ಅವನು ನಯವಾಗಿಯೇ ಮೆಟ್ಟಿಲಿಳಿದ. ಫಿಟ್ಟರ್ ಡಬ್ಬ ಎತ್ತಿಕೊಳ್ಳಲು ಬಗ್ಗಿದ. ಮಗ ಅವನ ಹತ್ತಿರ ಹೋಗಿ ಕೇಳಿದ, "ನಮ್ಮಮ್ಮ ಅವತ್ತು ಏನು ಮಾಡ್ತಿದ್ರು, ನೀವು ನಟ್ಟು ಹಾಕೋವಾಗ?"

"ಬೇಡ ಬೇಡ ಅಂತಿದ್ರು ಸ್ವಾಮಿ," ಎಂದ ಅವನು. "ಒಳಗೇ ಸೀಳುತ್ತೆ ಅಂತ. ನಾನು ಇಲ್ಲಿಂದ ಹೋಗೋವರೆಗೂ ಅದನ್ನೇ ಹೇಳ್ತಿದ್ರು." ಡಬ್ಬ ಹೆಗಲಿಗೇರಿಸಿ ಇಳಿದು ಹೋದ. ಅವನ ಕೆಲಸ ಉಳಿಯಿತೋ ಇಲ್ಲವೋ ನನಗೆ ತಿಳಿಯದು. ನನ್ನ ಸಹಿಯಿಂದ ಹೋಗಲಿಲ್ಲ, ಅಷ್ಟು ಗೊತ್ತು.

ಮಗ ಕೆಳಗೆ ಹೋದ.

ಈ ಸಲದ ವಿಡಿಯೊವನ್ನು ಮೊದಲಿನದ್ದರಷ್ಟು ಜನ ನೋಡಲಿಲ್ಲ. ಈಜುವ ಅಜ್ಜಿಗೆ ಇದ್ದ ಗಿರಾಕಿ ನಡೆಯುವ ಅಜ್ಜಿಗೆ ಎಲ್ಲಿ. ಆದರೆ ನೋಡಿದವರು ಎದ್ದು ಹೋಗಿ ತಮ್ಮ ಸಿಂಕಿನ ಕೆಳಗೆ ಬಗ್ಗಿದರು. ಸಂಜೆಯೊಳಗೆ ನಟ್ಟುಗಳ ಫೋಟೋ ಬರತೊಡಗಿದವು. ನಮ್ಮದೂ ಸವೆದಿದೆ. ನಮ್ಮದರಲ್ಲಿ ಕೂದಲಿನಷ್ಟು ಸೀಳು. ನಮಗೂ ನೀವೇ ತಿರುಗಿಸಿದ್ದು ಅಂದರು. ಸೊಸೆ ಎಣಿಸಿ ಮೂವತ್ತೊಂದು ಎಂದಳು. ನಾನು ಬೀದಿಯಲ್ಲಿ ಎಷ್ಟು ಎಂದು ಹೇಳಿದೆನೋ ಅದು ಬೇಡ. ಕಂಪನಿ ಆ ಮೂವತ್ತೊಂದು ಜನಕ್ಕೂ ನಾಲ್ಕನೇ ನಂಬರಿನ ಉತ್ತರ ಕೊಟ್ಟಿತು. ನನಗೆ ಮಾತ್ರ ಏನೂ ಕೊಡಲಿಲ್ಲ.

ಸೋಮವಾರ ಬೆಳಿಗ್ಗೆ ಏಳಕ್ಕೆ ಮಗ ಮೇಲೆ ಬಂದ. ಹೇಳಿದ ದಿನ, ಹೇಳಿದ ಹೊತ್ತು, ಅಳತೆಯವನಲ್ಲವೇ. ಅಡುಗೆಮನೆಯ ಬಾಗಿಲಲ್ಲಿ ನಿಂತು ಸಿಲಿಂಡರ್ ನೋಡಿದ.

"ಒಯ್ಯೋದಾದ್ರೆ ಒಯ್ಯಪ್ಪ," ಎಂದೆ. "ಅರ್ಧಕ್ಕಿಂತ ಹೆಚ್ಚಿದೆ, ಸೊಂಟ ಉಳುಕೀತು, ಮೆಲ್ಲಗೆ ಎತ್ತು. ಆದ್ರೆ ಒಂದು ತಿಳ್ಕೋ. ನೀನು ಇದನ್ನ ಕೆಳಗೆ ಒಯ್ದ ದಿನ ನಾನು ಬೀದಿ ಬಾಗಿಲಲ್ಲಿ ಮೂರು ಕಲ್ಲಿಟ್ಟು ಸೌದೆ ಉರಿಸಿ ಕಾಫಿ ಕಾಯಿಸ್ತೀನಿ. ಹೋಗಿ ಬರೋರಿಗೆಲ್ಲ ಒಂದೊಂದು ಲೋಟ ಕೊಡ್ತೀನಿ. ಯಾಕೆ ಅಂತ ಅವರು ಕೇಳ್ತಾರೆ, ನಾನು ಹೇಳ್ತೀನಿ. ಸಣ್ಣದು ಮಾಡಿ ಹೇಳೋಲ್ಲ."

ಅವನು ಒಳಗೆ ಬಂದ. ಬಗ್ಗಿ ಸಿಲಿಂಡರಿನ ಕೊಳವೆಯನ್ನು ಬೆರಳಿಂದ ಮುಟ್ಟಿ ನೋಡಿದ, ಸೋಪಿನ ನೊರೆ ಹಚ್ಚಿ ಗುಳ್ಳೆ ಬರುವುದೇನೋ ಎಂದು ಕಾದ. ಗುಳ್ಳೆ ಬರಲಿಲ್ಲ. ಕೈ ಒರೆಸಿಕೊಂಡು ಎದ್ದ.

"ಇರಲಿ," ಎಂದ.

"ಏನು ಇರಲಿ?"

"ಇಲ್ಲೇ ಇರಲಿ ಅಂದೆ. ನಾನು ನಿನ್ನನ್ನ ಕೇಳೋಕೆ ಮುಂಚೆ ಅವರು ಬರೆದಿದ್ದನ್ನ ನಂಬಿದ್ನಲ್ಲ, ಅದು ತಪ್ಪು."

"ಇನ್ನೊಂದು ಸಲ ಹೇಳು, ಕಿವಿ ಮಂದ."

"ನಿನ್ನ ಕಿವಿ ಮಂದ ಇಲ್ಲಮ್ಮ."

"ಆದ್ರೂ ಹೇಳು."

ಹೇಳಿದ. ಆಮೇಲೆ ಮೆಟ್ಟಿಲಿಳಿದು ಕೆಲಸಕ್ಕೆ ಹೋದ. ಕೆಳಗಿನ ಹಾಲಿನ ನೆತ್ತಿಯಲ್ಲಿ ಈಗ ಬರಿಯ ಕಾಂಕ್ರೀಟು, ಅಲ್ಲಲ್ಲಿ ತೂಗುವ ವೈರು. ಸೀಲಿಂಗ್ ಮಾಡಿಸಲು ಇನ್ನೂ ಬಹಳ ದಿನ ಬೇಕು. ಕಂಪನಿಯವರು ನನ್ನ ಬಗ್ಗೆ ಬರೆದದ್ದು ಅಲ್ಲಿಯೇ ಇದೆ, ಒಂದಕ್ಷರ ಅಳಿಸಿಲ್ಲ. ನಾನು ಹೇಳಿದ್ದೂ ಅಲ್ಲಿಯೇ ಇದೆ, ನಾನೂ ಅಳಿಸುವುದಿಲ್ಲ. ಅವರಿಗೆ ನನಗಿಂತ ಹೆಚ್ಚು ಆಯಸ್ಸು ಇರಬಹುದು, ಹೆಚ್ಚು ಬಿಡುವು ಇಲ್ಲ.

ನೀರಿಟ್ಟು ಒಲೆ ಹಚ್ಚಿದೆ.